ದೇವನೊಬ್ಬ, ನಾಮ ಹಲವು: ಈ ಮಾತಿನ ಭಾರವನ್ನು ಅರಿತಿದ್ದೇವೆಯೇ?

'ದೇವನೊಬ್ಬ, ನಾಮ ಹಲವು' ಎಂಬ ಮಾತು ನಮ್ಮ ನಡುವೆ ಎಷ್ಟು ಬಳಕೆಯಲ್ಲಿದೆಯೆಂದರೆ, ಅದನ್ನು ಕೇಳಿದಾಗ ಯಾರೂ ತಲೆಯೆತ್ತಿ ನೋಡುವುದಿಲ್ಲ. ಗಣೇಶೋತ್ಸವದ ವೇದಿಕೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಈದ್ ಮಿಲಾದ್ ಸಭೆಯಲ್ಲಿ, ಕ್ರಿಸ್‌ಮಸ್ ಸೌಹಾರ್ದ ಕೂಟದಲ್ಲಿ ಅತಿಥಿಗಳು ಇದನ್ನು ನುಡಿಯುತ್ತಾರೆ. ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಮಾತು ಸುಳ್ಳೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಪರೀಕ್ಷಿಸದೆ ಒಪ್ಪಿಕೊಂಡ ಮಾತನ್ನು ಪರೀಕ್ಷೆಯ ಕಾಲ ಬಂದಾಗ ಕೈಬಿಡುವುದೂ ಅಷ್ಟೇ ಸುಲಭ. ಊರಿನಲ್ಲಿ ಒಂದು ಮೆರವಣಿಗೆಯ ದಾರಿಗಾಗಿ ಮನಸ್ಸುಗಳು ಮುರಿದಾಗ, ನಿನ್ನೆ ಚಪ್ಪಾಳೆ ತಟ್ಟಿದ ಕೈಗಳೇ ಇಂದು 'ನಮ್ಮ ದೇವರು ಬೇರೆ, ಅವರ ದೇವರು ಬೇರೆ' ಎಂದು ಬೆರಳು ತೋರಿಸುವುದುಂಟು.

ಆದುದರಿಂದ ಓದುಗ ಬಾಂಧವರೇ, ಈ ಹಳೆಯ ಮಾತನ್ನು ಒಮ್ಮೆ ಕೈಗೆತ್ತಿಕೊಂಡು ತೂಗಿ ನೋಡೋಣ. ದೇವರಿಗೆ ನಾವು ಇಡುವ ಹೆಸರೆಂದರೇನು? ಹೆಸರು ಬೇರೆಯಾದರೆ ದೇವರೂ ಬೇರೆಯೇ? ಹೆಸರುಗಳೆಲ್ಲ ಒಂದೇ ಎಂದರೆ ಧರ್ಮಗಳ ನಡುವಣ ನಿಜವಾದ ಭೇದಗಳು ಎಲ್ಲಿ ಹೋದವು? ಈ ಪ್ರಶ್ನೆಗಳಿಗೆ ದೂರದ ಗ್ರಂಥಾಲಯವೇ ಬೇಕೆಂದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ನಾಲ್ಕು ಸೀಮೆಗಳಲ್ಲಿ ಒಂದು ಸುತ್ತು ಬಂದರೆ ಸಾಕು.

ನಾಲ್ಕು ಸೀಮೆ, ನೂರೆಂಟು ಕರೆ

ಹಿಂದೆ ಎಡತೊರೆ ಎನಿಸಿಕೊಂಡಿದ್ದ ಕೃಷ್ಣರಾಜನಗರದಲ್ಲಿ ಕಾವೇರಿಯ ದಡದಲ್ಲಿ ಶಿವನನ್ನು ಅರ್ಕೇಶ್ವರನೆಂದು ಕರೆಯುತ್ತಾರೆ, ಅರ್ಕನೆಂದರೆ ಸೂರ್ಯ. ಅಲ್ಲಿಂದ ಮೇಲಕ್ಕೆ ಚುಂಚನಕಟ್ಟೆಯಲ್ಲಿ ಕೋದಂಡರಾಮ. ಮೊದಲು ಇದೇ ತಾಲ್ಲೂಕಿಗೆ ಸೇರಿದ್ದ ಸಾಲಿಗ್ರಾಮದಲ್ಲಿ ರಾಮಾನುಜಾಚಾರ್ಯರ ನೆನಪು ಉಳಿದಿರುವಂತೆಯೇ ಜೈನ ಬಸದಿಯೂ ಉಳಿದಿದೆ. ಕಪ್ಪಡಿಯಲ್ಲಿ ಶಿವರಾತ್ರಿಯ ವೇಳೆಗೆ ಜಾತ್ರೆ ಆರಂಭವಾದಾಗ ಮಂಟೇಸ್ವಾಮಿ ಪರಂಪರೆಯ ಒಕ್ಕಲುಗಳು ರಾಚಪ್ಪಾಜಿಯ ಗದ್ದುಗೆಗೆ ಬರುತ್ತಾರೆ. ಆ ಪರಂಪರೆಯ ನೀಲಗಾರರು ತಮ್ಮ ಗುರುವನ್ನು ಪರಂಜ್ಯೋತಿ ಎಂದು ಹಾಡುತ್ತಾರೆ. ಅದೇ ಸೀಮೆಯ ದೋರನಹಳ್ಳಿಯಲ್ಲಿ, 2019ರಲ್ಲಿ ಬಸಿಲಿಕವೆಂಬ ಗೌರವ ಪಡೆದ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಬರುವವರಲ್ಲಿ ಕ್ರೈಸ್ತರಲ್ಲದವರು ಬಹುಮಂದಿ. 1231ರ ಜೂನ್ 13ರಂದು ಇಟಲಿಯಲ್ಲಿ ಕಾಲವಾದ ಆ ಸನ್ಯಾಸಿಯನ್ನು ನಮ್ಮ ಧರ್ಮಸಭೆ ದೇವರೆನ್ನುವುದಿಲ್ಲ. ನಮಗಾಗಿ ದೇವರಲ್ಲಿ ಬೇಡುವ ಸಂತರೆನ್ನುತ್ತದೆ. ಆದರೆ ಹರಕೆ ಹೊತ್ತು ಬಂದ ತಾಯಿ ಈ ಭೇದವನ್ನು ವಿಚಾರಿಸುತ್ತಾ ನಿಲ್ಲುವುದಿಲ್ಲ. ಅವಳ ಬಾಯಲ್ಲಿ ಬರುವುದು 'ಸ್ವಾಮೀ' ಎಂಬ ಒಂದೇ ಪದ.

ಪಿರಿಯಾಪಟ್ಟಣದಲ್ಲಿ ಊರ ದೇವತೆ ಮಸಣಿಕಮ್ಮ. ಬೆಟ್ಟದಪುರದ ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನ. ಸಿಡಿಲೇ ಬಂದು ಪೂಜಿಸಿ ಹೋಗುತ್ತದೆಂಬ ನಂಬಿಕೆ ಹೆಸರಿನಲ್ಲೇ ಇದೆ. ಅದೇ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟಿಯನ್ ಬಾಂಧವರು ಬುದ್ಧನಿಗೂ ಧರ್ಮಕ್ಕೂ ಸಂಘಕ್ಕೂ ಶರಣಾಗುತ್ತಾರೆ. ಜಗತ್ತನ್ನು ಸೃಷ್ಟಿಸಿದ ಒಬ್ಬನನ್ನು ಹೆಸರಿಸಿ ಕರೆಯುವುದು ಅವರ ಬೋಧನೆಯಲ್ಲಿಲ್ಲ.

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಬಂಡೆಯ ಮೇಲೆ ಬಾಹುಬಲಿ ಮೌನವಾಗಿ ನಿಂತಿದ್ದಾನೆ. ಅವನೂ ಸೃಷ್ಟಿಕರ್ತನಲ್ಲ, ಗೆಲ್ಲಬೇಕಾದ್ದನ್ನು ಗೆದ್ದು ಬಿಡುಗಡೆ ಹೊಂದಿದವನು. ಅದೇ ತಾಲ್ಲೂಕಿನ ರತ್ನಪುರಿಯಲ್ಲಿ ಆಂಜನೇಯಸ್ವಾಮಿಯ ಜಾತ್ರೆಯನ್ನೂ ದರ್ಗಾದ ಉರುಸನ್ನೂ ಊರವರು ಕೂಡಿ ಆಚರಿಸುತ್ತಾರೆ. ಪಟ್ಟಣದ ಮಸೀದಿಯಿಂದ ದಿನಕ್ಕೆ ಐದು ಬಾರಿ ಅಲ್ಲಾಹನ ಹೆಸರು ಕೇಳಿಬರುತ್ತದೆ. ಅಲ್ಲಾಹನಿಗೆ ತೊಂಬತ್ತೊಂಬತ್ತು ಸುಂದರ ನಾಮಗಳಿವೆಯೆಂದು ಮುಸಲ್ಮಾನರು ಎಣಿಸುತ್ತಾರೆ. ಅವುಗಳಲ್ಲಿ ಮೊದಲು ನೆನೆಯುವ ಎರಡು, ಕರುಣೆಯನ್ನು ಸೂಚಿಸುವ ರಹಮಾನ್ ಮತ್ತು ರಹೀಮ್.

ಇನ್ನು ಹೆಗ್ಗಡದೇವನಕೋಟೆ. ಕಪಿಲೆಯ ಹಿನ್ನೀರಿನ ಬದಿಯಲ್ಲಿ ಭೀಮನಕೊಲ್ಲಿಯ ಮಹದೇಶ್ವರ, ಸರಗೂರಿನ ಕಡೆ ಬೆಟ್ಟದ ಮೇಲೆ ಚಿಕ್ಕದೇವಮ್ಮ. ಕಾಡಂಚಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬ ಬಾಂಧವರಿಗೆ ದೈವವೆಂಬುದು ಒಂದು ಮರ, ಒಂದು ಕಲ್ಲು, ಒಂದು ಹೊಳೆಯ ತಿರುವಿನೊಡನೆ ಬೆಸೆದುಕೊಂಡಿದೆ. ನಾಗರಹೊಳೆಯಿಂದ ಅವರಲ್ಲಿ ಎಷ್ಟೋ ಕುಟುಂಬಗಳನ್ನು ಹೊರತಂದಾಗ ಮನುಷ್ಯರು ಹೊರಬಂದರು, ದೇವರ ನೆಲೆಗಳು ಒಳಗೇ ಉಳಿದವು. ದೇವರ ಹೆಸರು ಪುಸ್ತಕದಲ್ಲಿರುವವರಿಗೆ ಈ ನೋವು ಬೇಗನೆ ಅರ್ಥವಾಗುವುದಿಲ್ಲ.

ಈ ಸುತ್ತಿನಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೆಸರುಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಸ್ಥಳದಿಂದ ಹುಟ್ಟಿದವು, ಕೆಲವು ಗುಣದಿಂದ, ಕೆಲವು ಅಪ್ಪ, ಅಮ್ಮ, ಅಜ್ಜ ಎಂಬ ಸಂಬಂಧದಿಂದ. ಕೆಲವರಲ್ಲಿ ಹೆಸರಿನ ಜಾಗದಲ್ಲಿ ಮೌನವಿದೆ.

'ಸರ್ವೇಶ್ವರ' ನಮ್ಮ ಪದವಲ್ಲವೇ?

ಈಗ ನಮ್ಮ ಮನೆಯೊಳಗಿನ ಪ್ರಶ್ನೆಗೆ ಬರೋಣ. ಕನ್ನಡ ಕಥೋಲಿಕರು ದೇವರನ್ನು ಸರ್ವೇಶ್ವರನೆಂದು ಕರೆಯುತ್ತಾ ಬಂದಿದ್ದಾರೆ. ನಮ್ಮ ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿಯೂ ಈ ಪದವಿದೆ. ಪ್ರೊಟೆಸ್ಟಂಟ್ ಸೋದರರ ಹಳೆಯ ಅನುವಾದದಲ್ಲಿ ಅದೇ ಸ್ಥಳದಲ್ಲಿ 'ಯೆಹೋವ' ಎಂದಿದೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಕೆಲವು ಯುವಕರು, ಬೇರೆ ಬೇರೆ ಪ್ರಾರ್ಥನಾ ಕೂಟಗಳ ಮಾತನ್ನು ಕೇಳಿ, 'ಸರ್ವೇಶ್ವರ ಎಂಬುದು ಹಿಂದೂ ಹೆಸರಲ್ಲವೇ? ದೇವರ ನಿಜವಾದ ಹೆಸರನ್ನು ನಾವೇಕೆ ಹೇಳುವುದಿಲ್ಲ?' ಎಂದು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾಗಿದೆ. ಉತ್ತರವೂ ಹಾಗೆಯೇ ಇರಬೇಕು.

ಮೊದಲನೆಯದಾಗಿ, ಸರ್ವೇಶ್ವರ ಎಂಬ ಪದ ನಮಗಿಂತ ಬಹಳ ಹಿಂದಿನದು ಎಂಬುದು ನಿಜ. ಮಾಂಡೂಕ್ಯ ಉಪನಿಷತ್ತಿನಲ್ಲಿ ಅದಿದೆ. ಮಹಾಭಾರತದ ಅನುಶಾಸನ ಪರ್ವದಲ್ಲಿರುವ ವಿಷ್ಣುಸಹಸ್ರನಾಮದಲ್ಲಿಯೂ ಅದಿದೆ. 17ನೇ ಶತಮಾನದ ನಡುಭಾಗದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ಧರ್ಮಪ್ರಚಾರವನ್ನು ಆರಂಭಿಸಿದರು. ಅದಕ್ಕೂ ಮೊದಲು ಮಧುರೆಯಲ್ಲಿ ರಾಬರ್ಟ್ ದೆ ನೊಬಿಲಿ ಸಂಸ್ಕೃತವನ್ನೂ ತಮಿಳನ್ನೂ ಕಲಿತು, ಈ ನಾಡಿನ ಪದಗಳಲ್ಲಿಯೇ ಕ್ರೈಸ್ತ ಬೋಧನೆಯನ್ನು ನುಡಿಯುವ ದಾರಿ ತೋರಿದ್ದರು. ತಮಿಳು ಕಥೋಲಿಕರು ಬಹುಕಾಲ ದೇವರನ್ನು 'ಸರ್ವೇಸುರನ್' ಎಂದು ಕರೆದರು. ಎಲ್ಲಕ್ಕೂ ಒಡೆಯನಾದವನು, ಅವನ ಮೇಲೆ ಮತ್ತೊಬ್ಬ ಒಡೆಯನಿಲ್ಲ ಎಂಬ ಅರ್ಥವನ್ನು ಈ ನಾಡಿನ ಕಿವಿಗೆ ತಲುಪಿಸಲು ಇದಕ್ಕಿಂತ ಒಳ್ಳೆಯ ಪದ ದೊರೆಯುವುದು ಕಷ್ಟ. ಹಾಗಾದರೆ ನಾವು ದಿನವೂ ಬೆಳಿಗ್ಗೆ ಎದ್ದು ದೇವರನ್ನು ಕರೆಯುವ ಪದವೇ ನೆರೆಯವರ ಮನೆಯಿಂದ ಬಂದ ದಾನ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಕೃತಜ್ಞರಾಗಿರಬೇಕಾದ ಕಾರಣವಿದೆ.

ಎರಡನೆಯದಾಗಿ, 'ನಿಜವಾದ ಹೆಸರು' ಎಂಬ ಮಾತು. ವಿಮೋಚನಾಕಾಂಡದ ಮೂರನೆಯ ಅಧ್ಯಾಯದಲ್ಲಿ ಮೋಶೆ ದೇವರ ಹೆಸರನ್ನು ಕೇಳುತ್ತಾನೆ. ದೊರೆತ ಉತ್ತರ ಒಂದು ಹೆಸರಿನಂತೆಯೂ ಇದೆ, ಹೆಸರನ್ನು ನಿರಾಕರಿಸಿದಂತೆಯೂ ಇದೆ. ಇರುವಾತನೇ ತಾನು ಎಂಬ ಅರ್ಥದ ಉತ್ತರವದು. ಆ ಹೆಸರನ್ನು ಹೀಬ್ರೂ ಭಾಷೆಯಲ್ಲಿ ನಾಲ್ಕು ವ್ಯಂಜನಗಳಿಂದ ಬರೆಯುತ್ತಾರೆ. ಯೆಹೂದ್ಯರು ಭಕ್ತಿಯ ಕಾರಣದಿಂದ ಅದನ್ನು ಉಚ್ಚರಿಸದೆ 'ಅದೊನಾಯ್', ಅಂದರೆ ಪ್ರಭು, ಎಂದು ಓದುತ್ತಾ ಬಂದರು. ಮುಂದೆ ಅದೊನಾಯ್ ಪದದ ಸ್ವರಗಳನ್ನು ಆ ನಾಲ್ಕು ವ್ಯಂಜನಗಳಿಗೆ ಸೇರಿಸಿ ಓದಿದ್ದರಿಂದ ಯೆಹೋವ ಎಂಬ ರೂಪ ಹುಟ್ಟಿತು. 2008ರ ಜೂನ್ 29ರಂದು ವ್ಯಾಟಿಕನ್ನಿನ ದೈವಾರಾಧನಾ ಆಯೋಗವು ಜಗತ್ತಿನ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಆರಾಧನೆಯಲ್ಲಿ, ಹಾಡುಗಳಲ್ಲಿ, ಪ್ರಾರ್ಥನೆಗಳಲ್ಲಿ ಆ ನಾಲ್ಕಕ್ಷರದ ಹೆಸರನ್ನು ಉಚ್ಚರಿಸಬಾರದೆಂದೂ ಪ್ರಭು ಎಂಬ ಅರ್ಥದ ಪದವನ್ನೇ ಬಳಸಬೇಕೆಂದೂ ಸೂಚಿಸಿತು. ಯೆಹೋವ ಎಂದು ಭಕ್ತಿಯಿಂದ ಕರೆಯುವವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ನಮ್ಮ ಹಿರಿಯರು ಸರ್ವೇಶ್ವರನೆಂದು ಕರೆದದ್ದು ಅಜ್ಞಾನದಿಂದಲ್ಲ ಎಂಬುದಷ್ಟೇ ತಿಳಿದರೆ ಸಾಕು.

ಪದವು ದಾರಿ ತಪ್ಪಿಸಿದಾಗ, ಪದವನ್ನು ತಡೆದಾಗ

ನೆರೆಯವರ ಪದವನ್ನು ತೆಗೆದುಕೊಳ್ಳುವುದು ಎಲ್ಲೆಡೆಯೂ ಸುಲಭವಾಗಿರಲಿಲ್ಲ. ಗೋವೆಯಲ್ಲಿ ಪಾರ್ಥಿವ ಶರೀರವಿರುವ ಸಂತ ಫ್ರಾನ್ಸಿಸ್ ಜೇವಿಯರ್ 1549ರಲ್ಲಿ ಜಪಾನಿಗೆ ಹೋದರು. ಸ್ಥಳೀಯ ಸಂಗಾತಿಯ ಸಲಹೆಯಂತೆ ದೇವರನ್ನು 'ದೈನಿಚಿ' ಎಂದು ಕರೆದು ಬೋಧಿಸಿದರು. ಬೌದ್ಧ ಭಿಕ್ಷುಗಳು ಸಂತೋಷದಿಂದ ಬರಮಾಡಿಕೊಂಡರು. ಆ ಪದವು ಅವರು ಪೂಜಿಸುತ್ತಿದ್ದ ವೈರೋಚನ ಬುದ್ಧನ ಹೆಸರೆಂದು ತಿಳಿದ ಮೇಲೆ ಜೇವಿಯರ್ ಅದನ್ನು ಬಿಟ್ಟು ಲತೀನಿನ 'ದೇಉಸ್' ಪದವನ್ನು ಹಿಡಿದರು. ಆಗ ವಿರೋಧಿಗಳು ಆ ಧ್ವನಿಯನ್ನು ತಿರುಚಿ 'ದೈ ಉಸೊ', ಎಂದರೆ ದೊಡ್ಡ ಸುಳ್ಳು, ಎಂದು ಹಾಸ್ಯ ಮಾಡಿದರು. ನೆರೆಯವರ ಪದ ತೀರಾ ಹತ್ತಿರವಾದರೆ ತಪ್ಪು ತಿಳಿವಳಿಕೆ ಬರುತ್ತದೆ, ಹೊರಗಿನ ಪದ ತೀರಾ ದೂರವಾದರೆ ನಗೆಪಾಟಲಾಗುತ್ತದೆ.

ಚೀನಾದಲ್ಲಿ ಮತ್ತೆಯೊ ರಿಚಿ ಮತ್ತು ಅವರ ಸಂಗಡಿಗರು 'ತಿಯೆನ್‌ಜು', ಸ್ವರ್ಗದ ಒಡೆಯ, ಎಂಬ ಪದವನ್ನು ಬಳಸಿದರು. ಚೀನೀಯರ ಪ್ರಾಚೀನ ಪದಗಳಾದ 'ತಿಯೆನ್' ಮತ್ತು 'ಶಾಂಗ್‌ದಿ' ಕೂಡ ಆ ಒಬ್ಬನನ್ನೇ ಸೂಚಿಸುತ್ತವೆಯೆಂದು ರಿಚಿ ನಂಬಿದ್ದರು. ಇದರ ಮೇಲೆ ನಮ್ಮವರೊಳಗೇ ದೀರ್ಘ ವಿವಾದ ನಡೆದು, 1715ರಲ್ಲಿ ಜಗದ್ಗುರು ಹನ್ನೊಂದನೆಯ ಕ್ಲೆಮೆಂಟರು ಆ ಎರಡು ಪ್ರಾಚೀನ ಪದಗಳನ್ನು ನಿಷೇಧಿಸಿದರು, ಪಿತೃಗಳಿಗೆ ಸಲ್ಲಿಸುವ ಗೌರವವನ್ನೂ ನಿಷೇಧಿಸಿದರು. ಹಿಂದೆ ಉದಾರವಾಗಿದ್ದ ಕಾಂಗ್‌ಶಿ ಚಕ್ರವರ್ತಿ ಸಿಟ್ಟಾಗಿ ಬೋಧನೆಯನ್ನೇ ತಡೆದನು. ಪಿತೃಗೌರವದ ವಿಧಿಗಳ ಮೇಲಿನ ನಿರ್ಬಂಧ ಸಡಿಲವಾದದ್ದು 1939ರಲ್ಲಿ.

ನಮ್ಮ ಕಾಲದ ಉದಾಹರಣೆ ಮಲೇಷಿಯಾದ್ದು. ಅಲ್ಲಿನ ಕಥೋಲಿಕ ವಾರಪತ್ರಿಕೆ 'ಹೆರಾಲ್ಡ್' ಮಲಯ ಭಾಷೆಯ ಪುಟಗಳಲ್ಲಿ ದೇವರನ್ನು 'ಅಲ್ಲಾಹ್' ಎಂದು ಬರೆಯುತ್ತಿತ್ತು. ಆ ಭಾಷೆಯ ಕ್ರೈಸ್ತರ ಹಳೆಯ ರೂಢಿಯದು. ಸರ್ಕಾರ ಅದನ್ನು ತಡೆಯಿತು. 2009ರ ಡಿಸೆಂಬರ್ 31ರಂದು ಉಚ್ಚ ನ್ಯಾಯಾಲಯ ಪತ್ರಿಕೆಯ ಪರವಾಗಿ ತೀರ್ಪಿತ್ತಿತು. ಮುಂದಿನ ಜನವರಿಯಲ್ಲಿ ಹಲವು ಚರ್ಚುಗಳ ಮೇಲೆ ದಾಳಿ ನಡೆಯಿತು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು, 2014ರಲ್ಲಿ ಅತ್ಯುನ್ನತ ನ್ಯಾಯಾಲಯ ಮತ್ತೆ ವಿಚಾರಣೆಗೆ ಅನುಮತಿ ನೀಡಲಿಲ್ಲ. 2021ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ, ಒಬ್ಬ ಕ್ರೈಸ್ತ ಮಹಿಳೆಯ ಪರವಾಗಿ, 1986ರ ಸರ್ಕಾರಿ ನಿಷೇಧಾಜ್ಞೆ ಕಾನೂನುಬಾಹಿರವೆಂದು ಉಚ್ಚ ನ್ಯಾಯಾಲಯ ಹೇಳಿತು.

ಈ ವಿವಾದವನ್ನು ಓದಿ, 'ಕ್ರೈಸ್ತರಿಗೇಕೆ ಆ ಪದ?' ಎಂದು ನಮ್ಮವರೇ ಆಶ್ಚರ್ಯಪಟ್ಟದ್ದುಂಟು. ಅರಬ್ಬಿ ಮಾತನಾಡುವ ಕ್ರೈಸ್ತರು ಇಂದಿಗೂ ಬಲಿಪೂಜೆಯಲ್ಲಿ ದೇವರನ್ನು ಅಲ್ಲಾಹ್ ಎಂದೇ ಕರೆಯುತ್ತಾರೆ. ಬಹುಪಾಲು ಕಥೋಲಿಕರೇ ಇರುವ ಮಾಲ್ಟಾ ದ್ವೀಪದಲ್ಲಿ ದೇವರಿಗೆ 'ಅಲ್ಲಾ' ಎಂಬುದೇ ಪದ. ಕೇರಳದ ಸುರಿಯಾನಿ ಕ್ರೈಸ್ತರ ಪೂರ್ವಿಕರು ಪೂಜೆಯಲ್ಲಿ ನುಡಿದ ಸಿರಿಯಾಕ್ ಭಾಷೆಯ ಪದ 'ಆಲಾಹಾ'. ಯೇಸುಸ್ವಾಮಿ ಆಡಿದ ಅರಮಾಯಿಕ್ ಮಾತು ಈ ಸಿರಿಯಾಕಿಗೆ ತೀರಾ ಹತ್ತಿರದ್ದು. ಪದಗಳ ಈ ವಂಶಾವಳಿಯನ್ನು ತಿಳಿದವನಿಗೆ ಮಸೀದಿಯಿಂದ ಬರುವ ಕರೆ ಪರಕೀಯವಾಗಿ ಕೇಳಿಸಲಾರದು.

ಹೆಸರು ಮಾಡುವ ಕೆಲಸ

ಹೆಸರಿಗೆ ಎರಡು ಕೆಲಸಗಳಿವೆ. ಒಂದು, ವಿವರಿಸುವುದು. ಇನ್ನೊಂದು, ಕರೆಯುವುದು. ತತ್ತ್ವಶಾಸ್ತ್ರದಲ್ಲಿ ಜರ್ಮನಿಯ ಫ್ರೇಗೆ ಎಂಬ ಚಿಂತಕ 1892ರಲ್ಲಿ ಕೊಟ್ಟ ಉದಾಹರಣೆ ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವಂಥದ್ದೇ. ನಸುಕಿನಲ್ಲಿ ಮೂಡಣಕ್ಕೆ ಬೆಳ್ಳಿ ಮೂಡುತ್ತದೆ. ಬೇರೊಂದು ಋತುವಿನಲ್ಲಿ ಸಂಜೆ ಪಡುವಣದಲ್ಲಿ ಒಂದು ಉಜ್ಜ್ವಲ ಚುಕ್ಕಿ ಕಾಣುತ್ತದೆ. ಎರಡು ಹೆಸರು, ಎರಡು ವಿವರಣೆ. ಇರುವುದು ಒಂದೇ ಶುಕ್ರಗ್ರಹ. ಇದನ್ನು ಅರಿಯದವನೂ ಆ ಬೆಳಕನ್ನೇ ನೋಡುತ್ತಿರುತ್ತಾನೆ.

ಆದರೆ ಉಪಮೆಗೂ ಮಿತಿಯಿದೆ. ಶುಕ್ರವು ಒಂದೇ ಎಂಬುದನ್ನು ಗಣಿತದಿಂದ ತೋರಿಸಬಹುದು; ದೇವರ ವಿಷಯದಲ್ಲಿ ಅಂತಹ ಗಣಿತವಿಲ್ಲ. ಇಲ್ಲಿ ತರ್ಕ ಹೇಳಬಲ್ಲದ್ದು ಇಷ್ಟು: ಜಗತ್ತಿಗೆ ಕರ್ತನೊಬ್ಬನೇ ಆಗಿದ್ದರೆ, ಆ ಕರ್ತನನ್ನು ಉದ್ದೇಶಿಸಿ ಕರೆದ ಕರೆ ಅವನಿಗಲ್ಲದೆ ಮತ್ತೊಬ್ಬನಿಗೆ ಸಲ್ಲಲು ಮತ್ತೊಬ್ಬನಿಲ್ಲ. ಕರೆಯುವವನ ವಿವರಣೆಯಲ್ಲಿ ಕೊರತೆಯಿರಬಹುದು. ವಿಳಾಸದಲ್ಲಿ ಅಕ್ಷರ ತಪ್ಪಿದ ಕಾಗದವನ್ನು ಊರು ಬಲ್ಲ ಅಂಚೆಯವನು ಸರಿಯಾದ ಮನೆಗೆ ಮುಟ್ಟಿಸುವುದಿಲ್ಲವೇ?

13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ದೇವರ ನಾಮಗಳ ಬಗೆಗೆ ವಿಸ್ತಾರವಾಗಿ ವಿಚಾರಿಸಿದ್ದಾರೆ. ಒಳ್ಳೆಯ ಮಳೆ, ಒಳ್ಳೆಯ ಎತ್ತು, ಒಳ್ಳೆಯ ಮನುಷ್ಯ ಎಂದು ನಾವು ಹೇಳುವಾಗ 'ಒಳ್ಳೆಯ' ಎಂಬ ಪದದ ಅರ್ಥ ಪೂರ್ತಿ ಒಂದೇ ಅಲ್ಲ, ಪೂರ್ತಿ ಬೇರೆಯೂ ಅಲ್ಲ. ದೇವರು ಒಳ್ಳೆಯವನು ಎಂದಾಗಲೂ ಹಾಗೆಯೇ. ನಮ್ಮ ಪದಗಳು ಅವನ ಕಡೆಗೆ ಸುಳ್ಳಾಗದೆ ಚಾಚುತ್ತವೆ, ಆದರೆ ಅವನನ್ನು ಹಿಡಿದು ಮುಗಿಸಲಾರವು ಎಂಬುದು ಅವರ ಬೋಧನೆಯ ಸಾರ. ಇದನ್ನು ಒಪ್ಪಿದವನು ತನ್ನ ಧರ್ಮದ ಹೆಸರನ್ನು ಬಿಡಬೇಕಾಗಿಲ್ಲ. ಅದು ದೇವರ ಮೇಲಿನ ಹಕ್ಕುಪತ್ರವೆಂಬ ಭ್ರಮೆಯನ್ನು ಮಾತ್ರ ಬಿಡಬೇಕು.

ಕನ್ನಡದ ವಚನಕಾರರು ಮತ್ತು ದಾಸರು ಇದನ್ನು ತಮ್ಮದೇ ರೀತಿಯಲ್ಲಿ ಬದುಕಿ ತೋರಿಸಿದ್ದಾರೆ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ, ಅಲ್ಲಮಪ್ರಭುವಿನದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನದು ರಾಮನಾಥ, ಕನಕದಾಸರದು ಕಾಗಿನೆಲೆಯಾದಿಕೇಶವ. ಶರಣರು ಒಂದೇ ಅನುಭವಮಂಟಪದಲ್ಲಿ ಬೇರೆ ಬೇರೆ ಅಂಕಿತಗಳಿಂದ ನುಡಿದರು. ತನ್ನ ಅಂಕಿತ ಬೇರೆಯೆಂಬ ಕಾರಣಕ್ಕೆ ಇನ್ನೊಬ್ಬನ ದೇವರು ಬೇರೆಯೆಂದು ಅವರು ತಿಳಿಯಲಿಲ್ಲ. ತನ್ನ ಅಂಕಿತವನ್ನು ಬಿಟ್ಟು ಎಲ್ಲರಿಗೂ ಒಪ್ಪುವ ಒಂದು ಸಾಮಾನ್ಯ ಪದವನ್ನು ಹುಡುಕಲೂ ಇಲ್ಲ. ಪ್ರೀತಿಸುವವನಿಗೆ ಸ್ವಂತ ಹೆಸರು ಬೇಕಾಗುತ್ತದೆ.

ಭೇದವನ್ನು ಮುಚ್ಚಿಡದ ಗೌರವ

ಎಲ್ಲ ಹೆಸರುಗಳೂ ಒಂದನ್ನೇ ಹೇಳುತ್ತವೆ ಎಂದು ಅವಸರದಿಂದ ತೀರ್ಮಾನಿಸುವುದೂ ನೆರೆಯವರಿಗೆ ಮಾಡುವ ಅಗೌರವವೇ. ಗೊಮ್ಮಟಗಿರಿಯ ಜೈನ ಯಾತ್ರಿಕನಿಗೆ 'ನೀವು ಪೂಜಿಸುವುದೂ ನಮ್ಮ ಸೃಷ್ಟಿಕರ್ತನನ್ನೇ' ಎಂದರೆ, ಅವನು ನಂಬದಿರುವುದನ್ನು ಅವನ ತಲೆಗೆ ಕಟ್ಟಿದಂತಾಗುತ್ತದೆ. ಬೈಲುಕುಪ್ಪೆಯ ಭಿಕ್ಷುವಿಗೂ ಹಾಗೆಯೇ. ಬೌದ್ಧರು ರತ್ನತ್ರಯಕ್ಕೆ ಹೇಳುವ 'ಕೊಂಚೋಗ್' ಎಂಬ ಪದವನ್ನೇ ಟಿಬೆಟ್ ಭಾಷೆಯ ಬೈಬಲ್ಲಿನಲ್ಲಿ ದೇವರಿಗೆ ಬಳಸಿದ್ದಾರೆ. ದುರ್ಲಭವೂ ಶ್ರೇಷ್ಠವೂ ಆದುದು ಎಂಬುದು ಅದರ ಅರ್ಥ. ಪದ ಒಂದೇ ಆದರೂ ಇಬ್ಬರ ನಂಬಿಕೆ ಒಂದಾಗಲಿಲ್ಲ. ಹೆಸರು ಬೇರೆಯಾದರೆ ದೇವರು ಬೇರೆಯೆನ್ನಲಾಗದು ಎಂಬಂತೆಯೇ, ಹೆಸರು ಒಂದಾದ ಮಾತ್ರಕ್ಕೆ ಬೋಧನೆ ಒಂದೆನ್ನಲೂ ಆಗದು.

ಮುಸಲ್ಮಾನ ಸೋದರರು ದೇವರ ಏಕತ್ವವನ್ನು ಯಾವ ರೀತಿಯಲ್ಲಿ ಸಾರುತ್ತಾರೋ ಆ ರೀತಿಯಲ್ಲಿ ನಮ್ಮ ತ್ರೈಏಕ ದೇವರ ವಿಶ್ವಾಸವನ್ನು ಅವರು ಒಪ್ಪಲಾರರು. ನಾವೂ ಅದನ್ನು ಬಿಡಲಾರೆವು. ಹೀಗಿದ್ದೂ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ, ಮುಸಲ್ಮಾನರು ಜೀವಂತನೂ ಕರುಣಾಮಯನೂ ಆದ ಏಕದೇವರನ್ನು ಆರಾಧಿಸುವವರೆಂದು ಗೌರವದಿಂದ ಹೇಳಿತು. ಹಿಂದೂ ಮತ್ತು ಬೌದ್ಧ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿತು. ಭೇದವನ್ನು ಅಳಿಸದೆ ಗೌರವವನ್ನು ಉಳಿಸಿಕೊಂಡ ಮಾತು ಇದು. ನಮ್ಮ ವೇದಿಕೆಗಳ ಸುಲಭದ ಮಾತಿಗಿಂತ ಇದು ಕಠಿಣ, ಆದರೆ ಬಾಳಿಕೆ ಹೆಚ್ಚು.

'ಅಪ್ಪಾ' ಎಂಬ ಕರೆ

ಈ ಸೀಮೆಯ ಜನರ ಬಾಯಲ್ಲಿ ದೇವರು ಬಹುಮಟ್ಟಿಗೆ ಬಂಧು. ಮಹದೇಶ್ವರ ಮಾದಪ್ಪನಾದ, ಊರ ಕಾಯುವವಳು ಅಮ್ಮನಾದಳು, ಕಪ್ಪಡಿಯವರು ಅಪ್ಪಾಜಿಯಾದರು. ಯೇಸುಸ್ವಾಮಿ ಗೆತ್ಸೆಮನೆ ತೋಪಿನ ಆ ಕಡೆಯ ರಾತ್ರಿ ದೇವರನ್ನು ಕರೆದ ಪದ 'ಅಬ್ಬಾ' ಎಂದು ಮಾರ್ಕನ ಶುಭಸಂದೇಶ ದಾಖಲಿಸುತ್ತದೆ. ಅರಮಾಯಿಕ್ ಭಾಷೆಯಲ್ಲಿ ಅದು ಮನೆಯೊಳಗಿನ ಪದ. ತಂದೆಯನ್ನು ಮಕ್ಕಳು ಕರೆಯುವ ಪದ. ನಮ್ಮ 'ಅಪ್ಪ'ನಿಗೂ ಅದಕ್ಕೂ ಭಾಷಾಶಾಸ್ತ್ರದ ನಂಟಿಲ್ಲದಿದ್ದರೂ ಕಿವಿಗೆ ಎರಡೂ ಒಂದೇ. ಹುಣಸೂರಿನ ಉರ್ದು ಮನೆಮಾತಿನ ಕುಟುಂಬಗಳಲ್ಲಿ ಸಂಜೆ ಕೆಲಸದಿಂದ ಮರಳಿದ ತಂದೆಯ ಕಡೆಗೆ ಮಕ್ಕಳು 'ಅಬ್ಬಾ' ಎಂದೇ ಓಡಿಬರುತ್ತಾರೆ. ನಮ್ಮ ಪ್ರಭು ತನ್ನ ಅತಿ ದೊಡ್ಡ ಸಂಕಟದಲ್ಲಿ ನುಡಿದ ಪದವನ್ನು ನಾವು ದಿನವೂ ಮುಸಲ್ಮಾನ ಮಕ್ಕಳ ಬಾಯಲ್ಲಿ ಕೇಳುತ್ತಿದ್ದೇವೆ.

ಹೊಗೆಸೊಪ್ಪಿನ ದರ ಬಿದ್ದ ದಿನ ಹರಾಜು ಮಾರುಕಟ್ಟೆಯ ಹೊರಗೆ 'ಶಿವನೇ' ಎಂದೂ 'ಯಾ ಅಲ್ಲಾ' ಎಂದೂ 'ಯೇಸುವೇ' ಎಂದೂ ಹೊರಡುವ ನಿಟ್ಟುಸಿರುಗಳು ಒಂದೇ ಸಾಲದ ಭಾರದಿಂದ ಬಂದವು. ಅಲ್ಲಿ ಯಾರೂ ಪಕ್ಕದವನ ಪದವನ್ನು ತಿದ್ದುವುದಿಲ್ಲ. ಹೆಸರು ತನ್ನ ನಿಜವಾದ ಕೆಲಸವನ್ನು, ಅಂದರೆ ಕರೆಯುವ ಕೆಲಸವನ್ನು, ಮಾಡುತ್ತಿರುವಾಗ ಜಗಳಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ನಾಮದ ದುರ್ಬಳಕೆ

ದೇವರ ಹೆಸರನ್ನು ದೇವರಿಗೆ ಕೇಳಿಸಲೆಂದು ಕೂಗದೆ, ಎದುರು ಬೀದಿಯ ಮನೆಗಳಿಗೆ ಹೆದರಿಕೆ ಹುಟ್ಟಿಸಲೆಂದು ಕೂಗಿದಾಗ ಜಗಳ ಹುಟ್ಟುತ್ತದೆ. ಯಾವ ಧರ್ಮದ ಹೆಸರಾದರೂ ಸರಿ, ಒಬ್ಬನನ್ನು ಅಡ್ಡಗಟ್ಟಿ ಒತ್ತಾಯದಿಂದ ಹೇಳಿಸಿದ ಹೆಸರು ಪ್ರಾರ್ಥನೆಯಾಗುವುದಿಲ್ಲ. ದೇವರ ನಾಮವನ್ನು ವ್ಯರ್ಥವಾಗಿ ಎತ್ತಬಾರದೆಂಬ ಕಟ್ಟಳೆ ನಮ್ಮ ದಶಾಜ್ಞೆಗಳಲ್ಲಿದೆ. ಬಾಯಿತಪ್ಪಿ ಆಣೆಯಿಟ್ಟದ್ದನ್ನು ಪಾಪನಿವೇದನೆಯಲ್ಲಿ ಹೇಳುವ ನಾವು, ದ್ವೇಷಕ್ಕಾಗಿ ಆ ಹೆಸರನ್ನು ಬಳಸುವುದು ಅದಕ್ಕಿಂತ ಎಷ್ಟು ಘೋರವೆಂಬುದನ್ನು ಮರೆಯಬಾರದು.

ನಮ್ಮ ದೇಶದ ಹಿರಿಯರು ಈ ಅಪಾಯವನ್ನು ಕಂಡಿದ್ದರು. 1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆಯಲ್ಲಿ ಪ್ರಸ್ತಾವನೆಯ ಚರ್ಚೆ ನಡೆದಾಗ, ಮಂಗಳೂರಿನಲ್ಲಿ ಜನಿಸಿದ ಎಚ್.ವಿ. ಕಾಮತರು ಅದು ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿ ಮಂಡಿಸಿದರು. ಕಾಮಾಖ್ಯೆಯ ನಾಡಾದ ಅಸ್ಸಾಮಿನಿಂದ ಬಂದಿದ್ದ ರೋಹಿಣಿ ಕುಮಾರ್ ಚೌಧುರಿ, ಹಾಗಾದರೆ ದೇವಿಯ ಹೆಸರೇಕೆ ಇರಬಾರದೆಂದು ಕೇಳಿದರು. ವಿಶ್ವಾಸವೆಂಬುದು ಒತ್ತಾಯಕ್ಕೆ ಒಳಪಡಬಾರದು ಎಂಬ ವಾದ ಬಂತು. ದೇವರ ವಿಷಯವನ್ನು ಮತಕ್ಕೆ ಹಾಕಬೇಡಿರೆಂದು ಸದಸ್ಯೆ ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರೂ ಮತದಾನ ನಡೆದು, 41ಕ್ಕೆ 68 ಮತಗಳಿಂದ ತಿದ್ದುಪಡಿ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ದೈವಭಕ್ತರೂ ಇದ್ದರು. ಪ್ರಮಾಣವಚನದಲ್ಲಿ ಮಾತ್ರ, ದೇವರ ಹೆಸರಿನಲ್ಲಿಯಾಗಲಿ ಆತ್ಮಸಾಕ್ಷಿಯ ದೃಢೀಕರಣದಿಂದಾಗಲಿ ನುಡಿಯುವ ಆಯ್ಕೆಯನ್ನು ಸಂವಿಧಾನ ಪ್ರತಿಯೊಬ್ಬನಿಗೂ ಬಿಟ್ಟಿತು. ಹೆಸರನ್ನು ಹೇಳುವ ಸ್ವಾತಂತ್ರ್ಯ, ಹೇಳದಿರುವ ಸ್ವಾತಂತ್ರ್ಯ ಎರಡೂ ಅದರಲ್ಲಿವೆ.

ನಾವು ಮಾಡಬಹುದಾದುದು

ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಗೆ ಸರ್ವೇಶ್ವರ ಎಂಬ ಪದವನ್ನು ಕಲಿಸುವಾಗ ಅದು ಎಲ್ಲಿಂದ ಬಂದಿತೆಂಬುದನ್ನೂ ಕಲಿಸೋಣ. ನೆರೆಮನೆಯವರ ದೇವರ ಹೆಸರನ್ನು ಏಕವಚನದಲ್ಲಿ ಹಗುರವಾಗಿ ಆಡುವ ರೂಢಿ ಕೆಲವು ಮನೆಗಳಲ್ಲಿದೆ, ಅದನ್ನು ನಿಲ್ಲಿಸೋಣ. ಸಾವಿನ ಮನೆಗೆ ಹೋದಾಗ, ಆ ಮನೆಯವರು ತಮ್ಮ ದೇವರನ್ನು ಯಾವ ಹೆಸರಿನಿಂದ ಕರೆದು ಅಳುತ್ತಾರೋ ಅದನ್ನು ತಲೆಬಾಗಿ ಕೇಳೋಣ. ಅಲ್ಲಿ ನಮ್ಮ ಸಿದ್ಧಾಂತವನ್ನು ಸ್ಥಾಪಿಸಬೇಕಾಗಿಲ್ಲ. ನಮ್ಮ ವಿಶ್ವಾಸವೇನೆಂದು ಯಾರಾದರೂ ಕೇಳಿದರೆ ಮರೆಮಾಚದೆ ಹೇಳೋಣ. ಅವರದು ಏನೆಂದು ಕೇಳಿ ತಿಳಿದುಕೊಳ್ಳೋಣ. ಇನ್ನೊಬ್ಬರ ದೇವರ ಬಗೆಗೆ ನಾವೇ ಊಹಿಸಿ ಮಾತನಾಡುವುದಕ್ಕಿಂತ ಅವರನ್ನೇ ಕೇಳುವುದು ಸತ್ಯಕ್ಕೆ ಹತ್ತಿರ.

ಪ್ರಭು ಕಲಿಸಿಕೊಟ್ಟ ಪ್ರಾರ್ಥನೆಯಲ್ಲಿ ನಾವು ಬೇಡುವ ಮೊದಲ ವರ, ದೇವರ ನಾಮವು ಪವಿತ್ರವೆನಿಸಲಿ ಎಂಬುದು. ಆಹಾರವನ್ನು ಬೇಡುವುದು, ಕ್ಷಮೆಯನ್ನು ಬೇಡುವುದು ಅದರ ಅನಂತರ. ಆ ನಾಮ ಯಾವುದೆಂದು ಪ್ರಾರ್ಥನೆ ಹೇಳುವುದಿಲ್ಲ. ಅದರಲ್ಲಿರುವುದು 'ತಂದೆ' ಎಂಬ ಕರೆ ಮಾತ್ರ. ಅದೂ 'ನನ್ನ ತಂದೆ' ಎಂದಲ್ಲ, 'ನಮ್ಮ ತಂದೆ' ಎಂದು. ಆ 'ನಮ್ಮ' ಎಂಬುದರಲ್ಲಿ ಯಾರು ಯಾರು ಸೇರುತ್ತಾರೆ ಎಂಬುದನ್ನು ಮುಂದಿನ ಭಾನುವಾರ ಆ ಪ್ರಾರ್ಥನೆಯನ್ನು ಹೇಳುವ ಮೊದಲು ಪ್ರತಿಯೊಬ್ಬರೂ ಒಂದು ಕ್ಷಣ ನಿಂತು ಯೋಚಿಸಬೇಕೆಂದು ಕೋರುತ್ತೇನೆ.